ಬಚ್ಚಲಲ್ಲಿ ಕೂತ ದೀಪಾವಳಿ

ಹಬ್ಬಗಳು ಇರುವುದು ಸಂತೋಷಕ್ಕೆ ಎನ್ನುವವರು ಅಂಜುಬುರುಕ ನಾಯಿಯನ್ನು ಸಾಕಿರಲಿಕ್ಕಿಲ್ಲ. ಸಾಕಿದವನಿಗೆ ದೀಪಾವಳಿ ಎಂದರೆ ಹೋಳಿಗೆಯಲ್ಲ, ಎಣ್ಣೆಸ್ನಾನವಲ್ಲ. ಮಂಚದ ಕೆಳಗೆ ನಡುಗುವ ಜೀವಕ್ಕೆ ಸಮಾಧಾನ ಹೇಳುತ್ತ ತಾನೂ ಅಲ್ಲೇ ಬೋರಲು ಬೀಳುವ ಸಂಕಟ. ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಪಾರ್ವತಿನಗರದಲ್ಲಿ ಬಾಡಿಗೆಗಿದ್ದಾಗ ಅಂಥ ಹಬ್ಬಗಳನ್ನು ನಾನು ಆಚರಿಸಿದ್ದೇನೆ.

ನಮ್ಮ ನಾಯಿಯ ಹೆಸರು ಮೋತಿ. ಕಳ್ಳರನ್ನು ಹಿಡಿಯಲೆಂದು ತಂದದ್ದು. ಅದೋ ತಟ್ಟೆ ಬಿದ್ದ ಸದ್ದಿಗೂ ನನ್ನ ಹಿಂದೆ ಅಡಗುತ್ತಿತ್ತು. ಪಕ್ಕದ ಮನೆಯವರು ಹತ್ತಿ ವ್ಯಾಪಾರಿ ಚನ್ನಬಸಪ್ಪನವರು. ಲಕ್ಷ್ಮೀಪೂಜೆಯ ಸಂಜೆ ಅವರು ಪಟಾಕಿಯ ಸರವನ್ನು ತಮ್ಮ ಗೇಟಿನಿಂದ ನಮ್ಮ ಗೇಟಿನವರೆಗೆ ಹಾಸುತ್ತಿದ್ದರು. ಸಿಹಿ ಹಂಚುವಾಗ ನಮ್ಮ ಮನೆ ಮರೆತರೂ ಸದ್ದು ಹಂಚುವಾಗ ಮರೆಯುತ್ತಿರಲಿಲ್ಲ. ಒಂದು ವರ್ಷ ಹಬ್ಬಕ್ಕೆ ಮೊದಲೇ ಹೋಗಿ ಕೈಮುಗಿದೆ. "ಸಾಹುಕಾರ್ರೇ, ಸರ ಆ ಕಡಿ ಹಚ್ರಿ. ನಾಯಿ ಭಾಳ ಅಂಜ್ತೈತ್ರಿ."

"ಅಂಜೋ ನಾಯಿ ಯಾಕ ಸಾಕಿರಿ ಮಾಸ್ತರ? ಕೋಳಿ ಸಾಕಬೇಕಿತ್ತು, ತತ್ತಿನಾದ್ರೂ ಇಡ್ತಿತ್ತು!" ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವಮಾನವಾದಾಗ ನಗುವ ವಿದ್ಯೆಯನ್ನು ಮಾಸ್ತರಿಕೆ ನನಗೆ ಚೆನ್ನಾಗಿ ಕಲಿಸಿತ್ತು.

ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜೆಯ ತಮ್ಮ ಸಿರುಗುಪ್ಪದಿಂದ ಬಂದ. "ಮಾಮಾ, ದಿನಾ ಒಂದು ಪಟಾಕಿ ಅದರ ಮುಂದ ಹಚ್ರಿ. ರೂಢಿ ಆಗ್ತೈತಿ," ಎಂದ. ಹಚ್ಚಿದೆವು. ರೂಢಿಯೇನೋ ಆಯಿತು, ಕಡ್ಡಿ ಗೀರಿದರೇ ಓಡುವ ರೂಢಿ. ಆಮೇಲೆ ಗಿರಿಜೆ ಒಲೆ ಹಚ್ಚಿದರೂ ಮೋತಿ ಮಂಚದ ಕೆಳಗೆ. ಕಿವಿಗೆ ಅರಳೆ ತುರುಕಿ ನೋಡಿದೆ. ಕೆದರಿ ತೆಗೆದು ತಿಂದುಬಿಟ್ಟಿತು.

ಪೂಜೆಯ ಸಂಜೆ ಬಚ್ಚಲ ಕಿಟಕಿಗೆ ಕಂಬಳಿ ಕಟ್ಟಿ, ನಡುಮನೆಯಲ್ಲಿ ರೇಡಿಯೋ ಜೋರು ಮಾಡಿ, ಮೋತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹೊರಗೆ ಸರ ಹತ್ತಿತು. ಮೋತಿ ನನ್ನ ಕಂಕುಳಲ್ಲಿ ಮೂತಿ ಹುದುಗಿಸಿ ಮೈಮೇಲೆಯೇ ಉಚ್ಚೆ ಹೊಯ್ದಿತು. ಅದರ ಎದೆ ನನ್ನ ಅಂಗೈಗೆ ಬಡಿಯುವ ರೀತಿ ನೋಡಿದರೆ ಜೀವವೇ ಹೋದೀತು ಅನ್ನಿಸಿತು. ನನ್ನ ಸಿಟ್ಟು ನೆತ್ತಿಗೇರಿತು. ಎದ್ದು ಬಾಗಿಲು ತೆರೆದು ಬೀದಿಗೆ ಬಂದವನೇ, "ನಿಮಗ ಕರುಳು ಅನ್ನೋದು ಐತೇನ್ರೀ?" ಎಂದು ಗಂಟಲು ಹರಿಯುವಂತೆ ಒದರಿದೆ. ಸಾಹುಕಾರರಿಗೆ ಅದು ಕೇಳಿಸಲೇ ಇಲ್ಲ. ಕೇಳಿಸಿದ್ದು ನನ್ನ ಹಿಂದೆಯೇ ಬಂದಿದ್ದ ಮೋತಿಗೆ. ನನ್ನ ಕಾಲಸಂದಿಯಿಂದ ನುಗ್ಗಿ ಹೊಗೆಯಲ್ಲಿ ಮಾಯವಾಯಿತು.

ಬೆಳಿಗ್ಗೆ ಸೈಕಲ್ ಹತ್ತಿ ಹಲಕುಂದಿ ದಾರಿಯವರೆಗೂ ಹುಡುಕಿದೆ. ರಸ್ತೆ ಬದಿಯಲ್ಲಿ ನಾಯಿಯೊಂದು ಸತ್ತು ಬಿದ್ದಿತ್ತು. ಮೋತಿಯಲ್ಲ. ಆದರೂ ಮುಂದೆ ಹೋಗಲಾರದೆ ಸೈಕಲ್ ತಿರುಗಿಸಿದೆ. ಮನೆಗೆ ಬಂದರೆ ಗಿರಿಜೆ ಗೇಟಿನಲ್ಲೇ ನಿಂತಿದ್ದಳು. "ಬಾಜೂ ಮನ್ಯಾಗ ಐತಿ, ಬರ್ರಿ."

ಸಾಹುಕಾರರ ತಾಯಿ ಗೌರಮ್ಮಜ್ಜಿಗೆ ಪೂರ್ತಿ ಕಿವುಡು. ಮಗನ ಪಟಾಕಿಗೆ ಬೀದಿಯೇ ಅದುರುತ್ತಿದ್ದಾಗ ಆಕೆ ಒಳಕೋಣೆಯಲ್ಲಿ ತನ್ನಷ್ಟಕ್ಕೆ ಬತ್ತಿ ಹೊಸೆಯುತ್ತಿದ್ದಳಂತೆ. ಓಣಿಯಲ್ಲಿ ಬೆಚ್ಚದೆ ಕೂತ ಒಂದೇ ಒಂದು ಜೀವವನ್ನು ಮೋತಿ ಹುಡುಕಿಕೊಂಡು ಹೋಗಿತ್ತು. ಈಗ ಆಕೆಯ ಮಡಿಲಲ್ಲಿ ನಿದ್ದೆ ಹೊಡೆಯುತ್ತಿತ್ತು. "ಮೋತಿ!" ಎಂದೆ. ಬೆಚ್ಚಿಬಿದ್ದು ಅಜ್ಜಿಯ ಸೆರಗಿನೊಳಗೆ ನುಸುಳಿತು.

"ಸಣ್ಣಗ ಕರೀರಿ," ಎಂದಳು ಗಿರಿಜೆ. "ನಿನ್ನೆ ಅದು ಓಡಿದ್ದು ಪಟಾಕಿಗಲ್ಲ, ನಿಮ್ಮ ದನಿಗೆ."

ಅಜ್ಜಿ ನನ್ನ ಮುಖ ನೋಡಿ, "ಪಾಪ, ಮಲಕ್ಕೊಂಡೈತಿ. ಎಬ್ಬಿಸಬ್ಯಾಡ್ರಿ. ನಾಳಿ ಒಯ್ಯಿರಂತೆ," ಎಂದಳು.

ಮರುದಿನ ಎತ್ತಿಕೊಂಡು ಬಂದೆ. ಗೋಡೆ ಹಾರಿ ವಾಪಸು ಹೋಯಿತು. ಮತ್ತೆ ತಂದೆ, ಮತ್ತೆ ಹಾರಿತು. ಗಿರಿಜೆ ಕೊನೆಗೆ, "ಇರಲಿ ಬಿಡ್ರಿ, ಅಲ್ಲಿ ಸುಖವಾಗೈತಿ," ಎಂದಳು. ಹೊಟ್ಟೆ ಉರಿದದ್ದು ಆ ಸುಖಕ್ಕೇ.

ಅಂದಿನಿಂದ ನಾನು ಸಾಲಿ ಬಿಟ್ಟು ಬರುವಾಗ ಮೋತಿ ಸಾಹುಕಾರರ ಗೇಟಿನೊಳಗಿಂದ ನನ್ನನ್ನು ನೋಡಿ ಬೊಗಳತೊಡಗಿತು. ಚನ್ನಬಸಪ್ಪನವರು ಕುರ್ಚಿಯಿಂದಲೇ, "ಸುಮ್ಕಿರಲೇ ಮೋತಿ, ಅವರು ನಮಗ ಗುರ್ತಿನವರು," ಎನ್ನುತ್ತಿದ್ದರು. ಮೋತಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಅನುಮಾನ ಪೂರ್ತಿ ಹೋಗದಿದ್ದರೂ ಸುಮ್ಮನಾಗುತ್ತಿತ್ತು. ನಾನು ಸಾಹುಕಾರರಿಗೆ ನಮಸ್ಕಾರ ಮಾಡಿ ಮನೆಯೊಳಗೆ ಹೋಗುತ್ತಿದ್ದೆ.