ಸೋದರಮಾವನ ಮೀಸೆ ಉಳಿದ ಬಗೆ

ಆ ಭಾನುವಾರವೂ ನನ್ನ ಬೆಳಗು ಎಂದಿನಂತೆ ಹಾಲಿನ ಮೇಲೆ ಕೂತ ಹತ್ತಿಯ ಎಳೆಗಳನ್ನು ತೆಗೆಯುವುದರಿಂದಲೇ ಶುರುವಾಯಿತು. ಆದವಾನಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನುಗಳು ತಿರುಗಲು ತೊಡಗಿದರೆ ಹತ್ತಿ ಎಲ್ಲೆಂದರಲ್ಲಿ ಬಂದು ಕೂರುತ್ತದೆ: ಹಾಲಿನ ಕೆನೆಯಲ್ಲಿ, ತುಳಸಿಯ ಎಲೆಯ ಮೇಲೆ, ನಮ್ಮ ಅತ್ತೆಯವರ ಹುಬ್ಬಿನ ಮೇಲೆ. ಹಾಲು ಸೋಸಿ ಒಲೆಗಿಟ್ಟೆ, ಅಂಗಳಕ್ಕೆ ನೀರು ಚಿಮುಕಿಸಿದೆ, ರಂಗೋಲಿ ಹಾಕಿದೆ. ಎಂದಿನಂತೆ ಇಲ್ಲದಿದ್ದದ್ದು ಎರಡು. ಒಂದು, ಮನೆಯವರೆಲ್ಲ ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಿದ್ದರು, ಏಕೆಂದರೆ ನಮ್ಮ ಯಜಮಾನರು ಬಚ್ಚಲಿನ ಕಿಟಕಿಗೆ ಕಂಬಳಿ ಹೊಡೆದು ಅದನ್ನು ಕತ್ತಲೆಕೋಣೆ ಮಾಡಿದ್ದರು. ಇನ್ನೊಂದು, ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಇಂಗ್ಲಿಷು. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಅದನ್ನು ಚೆನ್ನಾಗಿಯೇ ಕಲಿಸಿದ್ದರು. ಕರವಸ್ತ್ರದ ಅಂಚು ಹೊಲಿಯುವುದು, ಬಾಗಿಲು ಸದ್ದಾಗದಂತೆ ಮುಚ್ಚುವುದು, ಯಾರೂ ನೋಡಿರದ ಹಿಮ, ಮಂಜಿನ ಬಗ್ಗೆ ಪದ್ಯ ಹೇಳುವುದು, ಎಲ್ಲ ಬರುತ್ತಿತ್ತು. ಮದುವೆಯಾಗಿ ಬಂದ ಮೇಲೆ ಈ ವಿದ್ಯೆ ಔಷಧಿಯ ಸೀಸೆಯ ಚೀಟಿ ಓದುವುದಕ್ಕಷ್ಟೇ ಉಳಿದಿತ್ತು. ಹತ್ತಿ ಪ್ರೆಸ್ಸಿನಲ್ಲಿ ಗುಮಾಸ್ತರಾದ ಯಜಮಾನರು ಒಂದು ಹಳೆಯ ಡಬ್ಬಿ ಕ್ಯಾಮೆರಾ ತಂದಾಗ, ಅದರ ಫಿಲ್ಮಿನ ಜೊತೆ ಬಂದ ಚೀಟಿಯನ್ನು ಓದಿ ಹೇಳುವ ಪಟ್ಟ ನನಗೇ ಸಿಕ್ಕಿತು. ಆ ಪಟ್ಟದ ಮೇಲೆ ನಾನು ಸ್ವಲ್ಪ ಗಟ್ಟಿಯಾಗಿಯೇ ಕೂತೆನೆಂದು ಕಾಣುತ್ತದೆ.

ಹಿಂದಿನ ಗುರುವಾರ ಅತ್ತೆಯವರ ತಮ್ಮ, ಅಂದರೆ ಯಜಮಾನರ ಸೋದರಮಾವ, ನಾಗಲದಿನ್ನೆಯಿಂದ ಬಂದಿದ್ದರು. ಬಂದಿದ್ದರು ಎಂಬ ಒಂದು ಮಾತಿಗೆ ನಮ್ಮ ಮನೆಯಲ್ಲಿ ಎಷ್ಟು ತೂಕವಿತ್ತೆಂದು ಹೇಳಬೇಕು. ಅವರ ಮಗಳ ಮದುವೆಯಲ್ಲಿ ಅಕ್ಕನನ್ನು ಎರಡನೆಯ ಪಂಕ್ತಿಗೆ ಊಟಕ್ಕೆ ಕೂರಿಸಿದರೆಂದು ಅಕ್ಕನೂ ತಮ್ಮನೂ ಮಾತು ಬಿಟ್ಟಿದ್ದರು. ಆ ಮಗಳಿಗೀಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಉರುಕುಂದದ ಈರಣ್ಣ ದೇವರಿಗೆ ಹರಕೆ ಸಲ್ಲಿಸಿ ತಿರುಗಿ ಹೋಗುವ ದಾರಿಯಲ್ಲಿ, ಏನು ಮನಸ್ಸು ಬಂತೋ, ಮಾವ ನಮ್ಮ ಬಾಗಿಲಿಗೆ ಬಂದು ನಿಂತುಬಿಟ್ಟರು. ಬಿಳಿ ರುಮಾಲು, ಬಿಳಿ ಅಂಗಿ, ಬಿಳಿ ಧೋತರ, ನಡುವೆ ದುಂಬಿಯ ಹಾಗೆ ಕಪ್ಪನೆಯ ಮೀಸೆ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮುಂದಿನ ಕಟ್ಟೆಯ ಮೇಲೆ ಅಕ್ಕನ ಪಕ್ಕ ಕೂತರು. ಯಜಮಾನರು ಕ್ಯಾಮೆರಾ ತಂದು, "ಚೀಟ್ಯಾಗ ಏನೈತಿ ನೋಡು" ಎಂದರು. ಪೂರ್ಣ ಬಿಸಿಲಿಗೆ ಒಂದು ಗುರುತು, ಮಬ್ಬು ಬಿಸಿಲಿಗೆ ಇನ್ನೊಂದು ಎಂದಿತ್ತು. ಆಕಾಶ ನೋಡಿದೆ. ಹತ್ತಿಯ ದೂಳಿನಿಂದ ಅದು ಬೆಳ್ಳಗೆ ಮಸುಕಾಗಿತ್ತು. ಸಿಸ್ಟರುಗಳ ಪದ್ಯದ ಮಂಜು ಕೊನೆಗೂ ಆದವಾನಿಗೆ ಬಂತೆನಿಸಿ, "ಮಬ್ಬು" ಎಂದು ತೀರ್ಪು ಕೊಟ್ಟೆ. ಅವರು ಹೆಚ್ಚು ಬೆಳಕು ಒಳಬಿಡುವ ಕೊಂಡಿ ಎಳೆದು ಫೋಟೋ ತೆಗೆದರು.

ಹೊರಡುವಾಗ ಮಾವ, "ಅಕ್ಕಾ, ಫೋಟೋ ಬಂದ್ರ ನೀನಾ ತಗೊಂಡು ಬಾ, ಟಪಾಲಿನಾಗ ಹಾಕಬ್ಯಾಡ" ಎಂದರು. ಅತ್ತೆಯವರು "ನೋಡೂಣು" ಎಂದಷ್ಟೇ ಹೇಳಿದರು. ಆದರೆ ಆ ಸಂಜೆಯೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಗಾಳಿಗೆ ಹಾಕಿದ್ದನ್ನು ನಾನು ನೋಡಿದೆ. ಫೋಟೋ ಕೈಯಲ್ಲಿದ್ದರೆ ಹೋಗುವವರು. ಇಲ್ಲದಿದ್ದರೆ ಬರಿಗೈಯಲ್ಲಿ ತಾವಾಗಿ ತಮ್ಮನ ಮನೆ ಮೆಟ್ಟಿಲು ಹತ್ತುವ ಹೆಂಗಸಲ್ಲ.

ಶನಿವಾರ ಫಿಲ್ಮು ತೊಳೆಯುವ ಔಷಧ ತರಲು ಹೋದಾಗ ಬಜಾರಿನ ಫೋಟೋದವರು ಯಜಮಾನರ ಮಾತು ಕೇಳಿ ನಕ್ಕರಂತೆ. "ನಮ್ಮ ಬಿಸಿಲಿಗೆ ಆ ಕೊಂಡಿ ಎಳದ್ರಾ? ಫಿಲ್ಮಿಗೆ ಬೆಳಕು ವಿಪರೀತ ಬಿದ್ದೈತಿ. ಔಷಧದಾಗ ಹೊತ್ತು ಬಿಟ್ರ ಪೂರಾ ಕರ್ರಗಾಗತೈತಿ. ಲಗೂನ ತೆಗೀರಿ, ನೀರು ತಣ್ಣಗಿರಲಿ" ಎಂದರಂತೆ. ಬಿಸಿಲು ಏರಿದ ಆ ದಿನಗಳಲ್ಲಿ ಮನೆಯಲ್ಲಿ ತಣ್ಣಗಿದ್ದದ್ದು ಒಂದೇ ನೀರು, ಒದ್ದೆ ಮರಳಿನ ಮೇಲಿಟ್ಟ ಅತ್ತೆಯವರ ದೇವರ ಪೂಜೆಯ ಮಣ್ಣಿನ ಹರವಿಯದು. ಅದನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ.

"ನಿನ್ನ ವಾಸನಿ ಔಷಧಕ್ಕ ದೇವರ ನೀರು ಕೊಡ್ಲೇನು?" ಎಂದು ಅತ್ತೆಯವರು ಬೆಳಿಗ್ಗೆ ಮಗನನ್ನು ಕೇಳಿದ್ದರು. ಅಲ್ಲಿಂದಲೇ ಮೌನ ಶುರುವಾದದ್ದು. ಪೂಜೆ ಮುಗಿಸಿ ಬಂದು ತಾವೇ ದಾರಿ ಹುಡುಕಿದರು. "ಔಷಧಾ ನಿಮ್ಮ ನೀರಾಗ ಕಲಸಿಕೋರಿ. ತೊಳಿಯಾಕ ನಾ ಮ್ಯಾಲಿಂದ ಹಾಕ್ತೀನಿ. ನನ್ನ ತಂಬಿಗಿ ಯಾರೂ ಮುಟ್ಟಬ್ಯಾಡ್ರಿ."

ಹೀಗೆ ಮೂವರೂ ಬಚ್ಚಲು ಸೇರಿದೆವು. ಕಂದೀಲಿಗೆ ಕೆಂಪು ಕಾಗದ ಸುತ್ತಿತ್ತು. ಆ ಬೆಳಕಿನಲ್ಲಿ ಮಡಿಸೀರೆಯ ಅತ್ತೆಯವರು ತಂಬಿಗೆ ಎತ್ತಿ ಹಿಡಿದು ನಿಂತದ್ದು ನೋಡಿದರೆ ಯಾರಿಗಾದರೂ ಕೈಮುಗಿಯಬೇಕೆನಿಸುತ್ತಿತ್ತು. ಯಜಮಾನರು ಫಿಲ್ಮಿನ ಎರಡು ತುದಿ ಹಿಡಿದು ತಟ್ಟೆಯ ಔಷಧದಲ್ಲಿ ಮೇಲಕ್ಕೂ ಕೆಳಕ್ಕೂ ಆಡಿಸತೊಡಗಿದರು. ಸ್ವಲ್ಪದರಲ್ಲೇ ಹಾಲಿನಂಥ ಪಟ್ಟಿಯ ಮೇಲೆ ಕಪ್ಪು ಕಲೆಗಳು ಎದ್ದವು.

"ಅಗಾ ಅವ್ವಾ, ಇದು ನೀನು, ಇಂವ ಮಾವ" ಎಂದರು ಹೆಮ್ಮೆಯಿಂದ. ಮರುಕ್ಷಣ ದನಿ ಸಣ್ಣದಾಯಿತು. "ಭಾಳ ಲಗೂ ಕಪ್ಪಾಗಾಕತ್ತೈತಿ. ಎಷ್ಟೊತ್ತು ಬಿಡಬೇಕಂತ ಚೀಟ್ಯಾಗ? ಅದರಾಗ ಅರ್ಧ ಮಾಡೂಣು."

ನಾನು ಔಷಧದ ಚೀಟಿಯನ್ನು ಕಂದೀಲಿನ ಹತ್ತಿರ ಹಿಡಿದೆ. ಕರಿ ಅಕ್ಷರಗಳೆಲ್ಲ ಇದ್ದವು. ಹೊತ್ತಿನ ಪಟ್ಟಿ ಮಾತ್ರ ಇರಲಿಲ್ಲ. ಹಗಲಲ್ಲಿ ಅಷ್ಟು ಅಂದವಾಗಿ ಕೆಂಪು ಮಸಿಯಲ್ಲಿದ್ದ ಪಟ್ಟಿ ಕೆಂಪು ಬೆಳಕಿನಲ್ಲಿ ಮಾಯವಾಗಿತ್ತು. ಚೀಟಿ ತಿರುಗಿಸಿದೆ, ಓರೆಯಾಗಿ ಹಿಡಿದೆ, ಉಗುರಿನಿಂದ ಗೀರಿದೆ.

"ಲಗೂ ಓದು," ಎಂದರು ಯಜಮಾನರು.

"ಓದಾಕತ್ತೀನ್ರಿ," ಎಂದೆ. ಖಾಲಿ ಕಾಗದವನ್ನು ಅಷ್ಟು ಶ್ರದ್ಧೆಯಿಂದ ನಾನು ಎಂದೂ ಓದಿಲ್ಲ.

ಅತ್ತೆಯವರು ಅಷ್ಟರಲ್ಲಿ ತಟ್ಟೆಯ ಮೇಲೆ ಬಾಗಿದ್ದರು. ಇದು ಉಲ್ಟಾ ಚಿತ್ರ, ಬಿಳುಪೆಲ್ಲ ಕಪ್ಪಾಗಿ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ನಮಗೆ ಹೊಳೆದಿರಲೂ ಇಲ್ಲ. ಅವರು ಕಂಡದ್ದು ಇಷ್ಟೇ: ತಮ್ಮನ ರುಮಾಲು ಕರ್ರಗಾಯಿತು, ಅಂಗಿ ಕರ್ರಗಾಯಿತು, ಈಗ ಮುಖಕ್ಕೆ ಬಂತು.

"ನನ್ನ ತಮ್ಮ ಸುಡಾಕತ್ತಾನೋ, ತೆಗಿಯೋ" ಎಂದವರೇ ದೇವರ ತಣ್ಣೀರನ್ನು ಇಡೀ ತಂಬಿಗೆ ತಟ್ಟೆಗೆ ಸುರಿದುಬಿಟ್ಟರು. ಔಷಧ ತುಂಬಿ ಚೆಲ್ಲಿ ನಮ್ಮ ಮೂವರ ಕಾಲ ಮೇಲೆ ಹರಿಯಿತು. ಯಜಮಾನರು ಫಿಲ್ಮನ್ನು ಪಕ್ಕದ ತಟ್ಟೆಗೆ, ಚಿತ್ರ ಕದಲದಂತೆ ನಿಲ್ಲಿಸುವ ನೀರಿಗೆ, ಎತ್ತಿ ಹಾಕಿದರು. ಗಾಳಿಗೆ ಹಾಕಿದ ಆ ಸೀರೆ ಮತ್ತೆ ಪೆಟ್ಟಿಗೆ ಸೇರುವುದು ನನ್ನ ಕಣ್ಣಿಗೆ ಕಟ್ಟಿತು.

ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ಕಂಬಳಿ ತೆಗೆದು ಫಿಲ್ಮನ್ನು ಕಿಟಕಿಗೆ ಹಿಡಿದರು. ಗಾಢವಾಗಿತ್ತು, ಆದರೆ ಆ ಕತ್ತಲೆಯಲ್ಲಿ ಎರಡು ಮುಖಗಳಿದ್ದವು. ಯಜಮಾನರು ಬಹಳ ಹೊತ್ತು ನೋಡಿ, "ಇನ್ನೊಂದೀಟು ಬಿಟ್ಟಿದ್ರ ಮಾವನೂ ಗ್ವಾಡಿನೂ ಒಂದಾ ಆಗ್ತಿತ್ತು" ಎಂದರು. ಅತ್ತೆಯವರಿಗೆ ಅದಾವುದೂ ಬೇಕಿರಲಿಲ್ಲ. ಔಷಧ ಕಾಲಿಗೆ ಬಿದ್ದು ಮಡಿ ಕೆಟ್ಟಿತ್ತು, ಮತ್ತೆ ಸ್ನಾನ ಮಾಡಬೇಕಿತ್ತು. ನಮ್ಮಿಬ್ಬರನ್ನೂ ಬಚ್ಚಲಿನಿಂದ ಹೊರಗೆ ಹಾಕಿದರು.

ಫಿಲ್ಮಿಗೆ ಹತ್ತಿ ಹಿಡಿಯದಂತೆ ದೇವರ ಮನೆಯಲ್ಲೇ ಒಣಹಾಕಿದೆವು, ಅತ್ತೆಯವರ ಅಪ್ಪಣೆಯಿಂದಲೇ. ಮಧ್ಯಾಹ್ನ ಮತ್ತೆ ಬಚ್ಚಲು ಕತ್ತಲು ಮಾಡಿ ಯಜಮಾನರು ಅದನ್ನು ಕಾಗದಕ್ಕೆ ಒತ್ತಿ ಚಿತ್ರ ಇಳಿಸಿದರು. ಮಾವನ ರುಮಾಲು, ಅಂಗಿ, ಧೋತರ ಎಲ್ಲ ಸುಣ್ಣದ ಗೋಡೆಯಲ್ಲಿ ಕರಗಿ ಹೋಗಿದ್ದವು. ಬಿಳುಪಿನಲ್ಲಿ ತೇಲುವ ಒಂದು ಮುಖ, ಅದರಲ್ಲಿ ಕೂದಲು ಕೂದಲೂ ಎಣಿಸುವಷ್ಟು ಸ್ಪಷ್ಟವಾದ ಮೀಸೆ, ಪಕ್ಕದಲ್ಲಿ ಕಪ್ಪು ಸೀರೆಯ ಅಕ್ಕ. ಅತ್ತೆಯವರು ಚಿತ್ರವನ್ನು ಸೆರಗಿನ ತುದಿಯಿಂದ ಹಿಡಿದು ನೋಡಿದರು. "ಮೀಸಿ ಬಂದೈತಿ, ಸಾಕು. ನಾಳಿ ಬಸ್ಸಿಗೆ ಹೋಗ್ತೀನಿ" ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಮಬ್ಬು ಬಿಸಿಲಿನ ನನ್ನ ತೀರ್ಪೂ ಅಷ್ಟೇನೂ ತಪ್ಪಲ್ಲ, ದೂಳಿದ್ದದ್ದಂತೂ ನಿಜವಲ್ಲವೇ ಎಂದು ಒಳಗೊಳಗೇ ಸಮಾಧಾನವನ್ನೂ ಮಾಡಿಕೊಂಡೆ.

ಸಂಜೆ ಪಕ್ಕದ ಮನೆಯ ನಾಗಮ್ಮ ಜರಡಿ ವಾಪಸು ಕೊಡಲು ಬಂದಳು. ಅತ್ತೆಯವರು ಗುರುವಾರ ತೆಗೆದದ್ದೆಂದು ಚಿತ್ರ ತೋರಿಸಿದರು. ನಾಗಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಜರಡಿಯನ್ನು ನನ್ನ ಕೈಗಿಟ್ಟು ಹೊರಡುತ್ತ ಅಂದಳು:

"ಏಮಮ್ಮಾ, ನೆಳ್ಳಿಗೆ ಕುಂದ್ರಬಾರದಿತ್ತಾ? ಅಕ್ಕ ತಮ್ಮ ಇಬ್ರೂ ಬಿಸಿಲಿಗೆ ಕಣ್ಣಾ ಬಿಟ್ಟಿಲ್ಲ. ಗುರುವಾರ ನಾ ಹಾಕಿದ ಸಂಡಿಗಿ ಮಧ್ಯಾಹ್ನಕ್ಕಾ ಒಣಗಿದ್ವು."