ಹಣೆಯ ಮೇಲಿನ ಬಿಳಿ ಕುಚ್ಚು

ನಮ್ಮ ವಂಶದಲ್ಲಿ ಜಗಳವಿಲ್ಲದೆ ಪಾಲಾದ ಆಸ್ತಿ ಒಂದೇ: ಹುಟ್ಟುವಾಗಲೇ ಹಣೆಯ ಮೇಲೆ ಬರುವ ಬಿಳಿ ಕೂದಲ ಕುಚ್ಚು. ಅಪ್ಪನಿಗಿತ್ತು, ಅಪ್ಪನ ಅಕ್ಕ ನಿಂಗತ್ತೆಗೆ ಇದೆ, ನನಗೂ ಬಂತು. ಬಿಡದಿಯ ಕಾರ್ಖಾನೆ ಸೇರಿದ ಮೇಲೆ ಭಾನುವಾರ ಬಂತೆಂದರೆ ನಾನು ಅದಕ್ಕೆ ಕರಿಬಣ್ಣ ಹಚ್ಚುತ್ತಿದ್ದೆ. ಕೆಲಸದಲ್ಲಿ ದಿನವಿಡೀ ಹೆಲ್ಮೆಟ್ಟು, ಕೂದಲು ಕಾಣುವುದಾದರೂ ಯಾರಿಗೆ ಎಂಬುದು ಹೊಳೆಯುವ ಹೊತ್ತಿಗೆ ಅಭ್ಯಾಸವಾಗಿಬಿಟ್ಟಿತ್ತು. ನಿಂಗತ್ತೆಗೆ ಕಿವಿಯೂ ಒಸಿ ಮಂದ. ಬೇಕಾದದ್ದು ಮಾತ್ರ ಕೇಳಿಸುತ್ತದೆ ಎಂದು ಮನೆಯವರೆಲ್ಲ ರೇಗಿಸುತ್ತಿದ್ದೆವು. ಹೆಂಡತಿ ಭಾಗ್ಯ ಹಾಲು ತರಲು ಕೂಗಿದಾಗ 'ನನಗೂ ಅತ್ತೆಯ ಕಿವಿಯೇ ಬಂದಿದೆ ಕಣೇ' ಎಂದು ನಾನೂ ಮಲಗಿಯೇ ಇರುತ್ತಿದ್ದೆ.

ಮಗಳು ಹುಟ್ಟಿದಳು, ಕುಚ್ಚಿನ ಸಮೇತ. ಚುಚ್ಚುಮದ್ದಿಗೆ ರಾಮನಗರಕ್ಕೆ ಕರೆದೊಯ್ದಾಗ ಡಾಕ್ಟರು ಅವಳ ಹಣೆ ನೋಡಿ, ಬಣ್ಣ ಮಾಸಿದ ನನ್ನ ತಲೆ ನೋಡಿ ಹೇಳಿದರು: "ಜೀನ್‌ಗಳಲ್ಲಿ ಮೇಸ್ತ್ರಿಯಂಥದ್ದೊಂದು ಇರುತ್ತೆ. ಉಳಿದ ಜೀನ್‌ಗಳು ಯಾವಾಗ ಕೆಲಸ ಶುರು ಮಾಡಬೇಕು ಅಂತ ಅದು ಅಪ್ಪಣೆ ಕೊಡುತ್ತೆ. ನಿಮ್ಮ ಮನೆಯಲ್ಲಿ ಅದರಲ್ಲೇ ಸಣ್ಣ ದೋಷ ಇರಬಹುದು. ಕೂದಲಿಗೆ ಬಣ್ಣ ಬರೋದಿಲ್ಲ, ಕೆಲವರಿಗೆ ಕಿವಿಯೂ ಕೇಳೋದಿಲ್ಲ. ಮಗುವಿನ ಕಿವಿ ಪರೀಕ್ಷೆ ಮಾಡಿಸಿ." ಮೇಸ್ತ್ರಿ ತೂಕಡಿಸಿದರೆ ಏನೇನಾಗುತ್ತದೆಂದು ಕಾರ್ಖಾನೆಯಲ್ಲಿ ಕಂಡವನು ನಾನು.

ಬೆಂಗಳೂರಿನ ಪರೀಕ್ಷೆಗೆ ಇನ್ನೂ ವಾರವಿತ್ತು. ಕಾಯುವ ತಾಳ್ಮೆ ಯಾರಿಗಿದೆ? ನಾನು ಮಗಳ ಮುಂದೆ ಚನ್ನಪಟ್ಟಣದ ಗಿಲಕಿ ಆಡಿಸಿದೆ. ಅವ್ವ ದೇವರ ಮನೆಯ ಜಾಗಟೆಯನ್ನೇ ತಂದು ಬಾರಿಸಿದಳು. ಮಗಳು ಅತ್ತ ನೋಡಿ, ಇತ್ತ ನೋಡಿ ನಕ್ಕಳು. "ಕೇಳ್ತದೆ ಕಣಪ್ಪ" ಎಂದು ಅವ್ವ ಕಣ್ಣೊರೆಸಿಕೊಂಡಳು.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಿಂಗತ್ತೆ ತಲೆಯೆತ್ತಿದಳು. "ಕಣ್ಮುಂದೆ ಆಡ್ಸುದ್ರೆ ಯಾರಾದ್ರೂ ತಿರುಗ್ತಾರೆ ಕಣ್ಲಾ. ನಾನು ಹುಟ್ಟಿದಾಗಿಂದ ಹಂಗೇ ಕಾಲ ಹಾಕಿವ್ನಿ. ನೀವು ಬಾಯಿ ಆಡ್ಸಾದ್ ನೋಡ್ಕಂಡು ಉತ್ರ ಕೊಡ್ತೀನಿ. ನೀವು ಬೆನ್ ತಿರುಗಿಸಿ ಮಾತಾಡುದ್ರೆ ಬರೀ ಗುಂಯ್ ಅಂತದೆ, ಒಂದ್ ಮಾತೂ ತಿಳಿಯಾಕಿಲ್ಲ."

ಅವ್ವ ಜಾಗಟೆ ಕೆಳಗಿಟ್ಟಳು. ಇಷ್ಟು ವರ್ಷ ರೇಗಿಸಿದ್ದೆಲ್ಲ ನೆನಪಾಗಿ ನನಗೆ ಅಳುವೇ ಬಂತು.

ಆಸ್ಪತ್ರೆಗೆ ಅತ್ತೆಯನ್ನೂ ಕರೆದೊಯ್ದೆವು. ಮಗಳ ಎಡಗಿವಿ ಕೇಳಿಸುವುದಿಲ್ಲ, ಬಲಗಿವಿ ಚೆನ್ನಾಗಿದೆ, ಮಾತು ಕಲಿಯುತ್ತಾಳೆ ಎಂದರು. "ಒಂದು ಸಾಕ್ ಬುಡು, ಈ ಲೋಕದ್ ಮಾತ್ ಕೇಳಾಕೆ" ಎಂದಳು ಅತ್ತೆ. ಅತ್ತೆಯ ಕಿವಿಗೆ ಯಂತ್ರ ಬಂತು. ಈಗ ಮಗುವಿನ ಬಲಕ್ಕೇ ಕೂತು ಹಾಡು ಹೇಳುತ್ತಾಳೆ. ನಾನು ಬಣ್ಣ ಹಚ್ಚುವುದನ್ನು ಬಿಟ್ಟೆ. ಮಗಳು ನನ್ನ ಕುಚ್ಚು ಹಿಡಿದು ಎಳೆದರೆ ಆ ನೋವೂ ಹಿತವೇ.

ಎಲ್ಲ ಸರಿ. ಆದರೆ ಮನೆಮಂದಿಯನ್ನೆಲ್ಲ ನೋಡಬೇಕೆಂದು ಆಸ್ಪತ್ರೆಯವರು ನನ್ನನ್ನೂ ಪರೀಕ್ಷಿಸಿ, ಎರಡೂ ಕಿವಿ ಚೆನ್ನಾಗಿ ಕೇಳಿಸುತ್ತವೆ ಎಂದು ಭಾಗ್ಯಳ ಎದುರೇ ಹೇಳಿಬಿಟ್ಟರು. ಈಗ ದಿನಾ ಬೆಳಿಗ್ಗೆ ಹಾಲು ತರುವವನು ನಾನೇ.