ಟೀಪಾಟಿನ ತಳ

ಅಜಾಗರೂಕರಿಂದ ಆಗುವ ಹಾನಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅತಿ ಜಾಗ್ರತೆಯವರಿಂದ ಆಗುವ ಹಾನಿಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅಜಾಗರೂಕ ಮನುಷ್ಯ ಲೋಟ ಒಡೆದರೆ ಚೂರು ಗುಡಿಸಿ ಮರೆತುಬಿಡುತ್ತಾನೆ. ನನ್ನಂಥವನು ಅದೇ ಲೋಟವನ್ನು ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲೆ ಭದ್ರವಾಗಿಟ್ಟು, ಎಲ್ಲಿಟ್ಟೆನೆಂದು ಚೀಟಿ ಬರೆದು, ಚೀಟಿಯನ್ನು ಲೋಟದೊಳಗೇ ಇಡುತ್ತಾನೆ. ವಿಮಾ ಕಚೇರಿಯಲ್ಲಿ ಸುಟ್ಟ ಗೋದಾಮು, ನೆನೆದ ಬಟ್ಟೆಮೂಟೆ ನೋಡಿ ವರದಿ ಬರೆಯುತ್ತಲೇ ನಿವೃತ್ತನಾದವನು ನಾನು. ಈಗ ಹೇಳುವುದನ್ನೂ ಕಂಡಷ್ಟೇ ಹೇಳುತ್ತೇನೆ.

ಮುಂಬಯಿಯ ಮಲಾಡಿನಲ್ಲಿರುವ ನನ್ನ ವಸಂತಕ್ಕನ ಬಳಿ ಒಂದು ಬೆಳ್ಳಿಯ ಟೀಪಾಟು ಇದೆ. ಅವಳ ಮಾವ ಉಡುಪಿ ಕಡೆಯಿಂದ ಬಂದು ಇಲ್ಲಿನ ಕ್ಲಬ್ಬೊಂದರಲ್ಲಿ ಅಡುಗೆಗಿದ್ದವರು. ತನ್ನ ದೇಶಕ್ಕೆ ಹೊರಟ ಬಿಳಿಯ ದೊರೆಯೊಬ್ಬ ಅವರ ಚಹಾ ಮೆಚ್ಚಿ ಕೊಟ್ಟುಹೋದದ್ದಂತೆ. ಅದರ ಮೂತಿ ಎಷ್ಟು ಸೊಗಸೆಂದರೆ, ಬಗ್ಗಿಸಿದರೆ ಅರ್ಧ ಚಹಾ ಕಪ್ಪಿಗೆ, ಅರ್ಧ ಬಗ್ಗಿಸಿದವರ ಅಂಗೈಗೆ. ಹೀಗಾಗಿ ಅಕ್ಕ ಅದರಲ್ಲಿ ಸೂಜಿ, ಗುಂಡಿ ಇಟ್ಟುಕೊಂಡಿದ್ದಳು.

ಅಕ್ಕನ ಮೊಮ್ಮಗಳ ನಾಮಕರಣ ಹತ್ತಿರ ಬಂದಾಗ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಸೊಸೆ ಸ್ವಾತಿ ನನ್ನೆದುರೇ ಮಾತು ತೆಗೆದಳು. "ಮಾವ, ಇದನ್ನು ಕರಗಿಸಿ ಬೇಬಿಗೆ ಊಟದ ಥಾಲಿ ಮಾಡಿಸೋಣ ನಾ? ಯಾರೂ ಯೂಸ್ ಮಾಡೋದಿಲ್ಲ. ಬರೀ ಕಪ್ಪಗೆ ಕಾಲಾ ಆಗಿ ಕೂತಿದೆ." ಅಕ್ಕ ಆಮೇಲೆ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದಳು. "ತಿಳಿದವರಿಗೊಮ್ಮೆ ತೋರಿಸು ಮಾರಾಯ. ಅಪರೂಪದ್ದು ಅಂದ್ರೆ ಉಳೀತದೆ. ಇಲ್ಲದಿದ್ರೆ ಕರಗ್ಲಿ. ನಾನಾಗಿ ಬೇಡ ಅಂದ್ರೆ ಮುದುಕಿಯ ಹಠ ಅಂತಾರೆ."

ಪಾಟನ್ನು ಘಾಟ್ಕೋಪರಿನ ನಮ್ಮ ಮನೆಗೆ ತಂದು ವಾರವಿಡೀ ಭೂತಗನ್ನಡಿ ಹಿಡಿದು ನೋಡಿದೆ. ಹಳೆಯ ವಸ್ತುಗಳಲ್ಲಿ ಅಪರೂಪ ಬೇರೆ, ಬೇಡಿಕೆ ಬೇರೆ ಎಂದು ಎಲ್ಲೋ ಓದಿ ತಲೆದೂಗಿದೆ. ನಮ್ಮ ಕಾಲೇಜಿನಲ್ಲೊಬ್ಬ ಮೂಗಿನಿಂದ ಕೊಳಲು ನುಡಿಸುತ್ತಿದ್ದ. ಅಪರೂಪವೇ, ಆದರೆ ಅವನನ್ನು ಯಾರೂ ಮದುವೆಗೆ ಕರೆಸಲಿಲ್ಲ. ನೋಡಿದ್ದನ್ನೆಲ್ಲ ಹಳೆಯ ಅಭ್ಯಾಸದಂತೆ ಬರೆದಿಟ್ಟೆ: "ಮುಚ್ಚಳ ಸಡಿಲ. ಹಿಡಿ ಕಪ್ಪು ಮರದ್ದು, ಬಿರುಕಿಲ್ಲ. ತಳದಲ್ಲಿ ಸಾಲಾಗಿ ನಾಲ್ಕು ಸಣ್ಣ ಪೆಟ್ಟು, ಹಳೆಯವು."

ವಿಲೆ ಪಾರ್ಲೆಯಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟಿರುವ ವಿಜಯಪುರದ ಖಾಜಾಸಾಹೇಬರಿಗೆ ತೋರಿಸುವುದೆಂದಾಯಿತು. ಹೊರಡುವ ಮುನ್ನಾದಿನ ಒಂದು ಯೋಚನೆ ಬಂತು. ಅವರ ಅಂಗಡಿ ತುಂಬ ಇಂಥವೇ ಪಾಟುಗಳು, ಅದಲುಬದಲಾದರೆ? ಮನೆಯಿಂದ ಹೊರಗೆ ಹೋಗುವ ಪಾತ್ರೆಗೆ ಹೆಸರಿರಬೇಕು ಎಂಬುದು ನಮ್ಮಮ್ಮನ ಕಾಲದ ನಿಯಮ. ಮದುವೆಮನೆಗೆ ಹೋದ ಹಂಡೆ, ಕೊಳಗ ವಾಪಸು ಬರುತ್ತಿದ್ದದ್ದು ಹೆಸರಿನ ಬಲದಿಂದಲೇ. ಸ್ಟೇಷನ್ ಹತ್ತಿರದ ಪಾತ್ರೆ ಅಂಗಡಿಗೆ ಹೋದೆ. ಹೆಸರು ಕೊರೆಯುವವನು "ಕಿಧರ್ ಡಾಲೂಂ, ಅಂಕಲ್?" ಎಂದು ಕೊರೆಯುವ ಜಾಗ ಕೇಳಿದ. ಪಾಟನ್ನು ಬೋರಲು ಹಾಕಿ ಆ ನಾಲ್ಕು ಪೆಟ್ಟುಗಳ ಮೇಲೆ ಬೆರಳಿಟ್ಟೆ. ಪೆಟ್ಟೂ ಮುಚ್ಚುತ್ತದೆ, ಅಂದವೂ ಕೆಡುವುದಿಲ್ಲ! ಯಂತ್ರ ಜೇನುನೊಣದ ಹಾಗೆ ಗುಂಯ್‌ಗುಟ್ಟಿತು. "ವಸಂತಿ, ಮಲಾಡ್" ಎಂದು ದೇವನಾಗರಿಯಲ್ಲಿ ಮುದ್ದಾಗಿ ಮೂಡಿತು.

ಖಾಜಾಸಾಹೇಬರು ಮುಚ್ಚಳ ಮುಟ್ಟಲಿಲ್ಲ, ಮೂತಿ ನೋಡಲಿಲ್ಲ. ನೇರವಾಗಿ ಬೋರಲು ಹಾಕಿದರು. ಕನ್ನಡಕ ಹಣೆಗೇರಿಸಿದರು.

"ಸರ, ಈ ಹೆಸರ ಯಾವಾಗ ಹಾಕಿಸಿದ್ರಿ?"

"ನಿನ್ನೆ."

"ಯಾಕ್ರೀ?"

"ನಿಮ್ಮಲ್ಲಿ ಕಳೆದುಹೋಗಬಾರದು ಅಂತ."

ಅವರು ಪಾಟಿನ ತಳವನ್ನು ನನ್ನ ಕಡೆ ತಿರುಗಿಸಿದರು. "ಇಲ್ಲೊಂದು ಸಿಂಹ ಇತ್ರೀ. ಚೊಕ್ಕ ಬೆಳ್ಳಿ ಅನ್ನೂ ಮುದ್ರಿ ಅದು. ಬಾಜೂಕ ಮಾಡಿದ ಊರಿಂದು, ವರ್ಷದ್ದು, ಮಾಡಿದಾವಂದು. ಹಳೇ ಬೆಳ್ಳಿ ಕೂಡಿಸೋ ಮಂದಿ ಮೊದಲ ನೋಡೂದ ಇವನ್ನ. ಈಗ ಬಾಲ ಅಷ್ಟ ಉಳದೈತಿ. ಸಿಂಹದ ಮ್ಯಾಲೆ ವಸಂತಿಬಾಯಾರು ಕುಂತಾರ."

ನಾನು ಪೆಟ್ಟೆಂದು ಬರೆದಿಟ್ಟ ನಾಲ್ಕೂ ಮುದ್ರೆಗಳು! ಸ್ಟೂಲಿನ ಮೇಲೆ ಕುಳಿತೆ. ಹಾಗಾದರೆ ಇದು ಅಪರೂಪದ್ದಲ್ಲವೇ ಎಂದು ಹೇಗೋ ಕೇಳಿದೆ.

"ಇಂಥಾ ಪಾಟ ಹತ್ತಾರು ನೋಡೀನ್ರೀ. ಮಲಾಡ್ ಅಂತ ಬರದದ್ದು ಒಂದೂ ನೋಡಿಲ್ಲ. ಜಗತ್ತಿನ್ಯಾಗ ಇದೊಂದ ಐತಿ. ಅಪರೂಪ ಖರೇ. ಬೇಕನ್ನೋರು ಮಾತ್ರ ಯಾರೂ ಸಿಗಂಗಿಲ್ಲ." ಚಹಾ ತರಿಸಿದರು. ನನ್ನ ಮುಖ ಹಾಗಿತ್ತೆಂದು ತೋರುತ್ತದೆ.

ಭಾನುವಾರ ಅಕ್ಕನ ಮನೆಗೆ ಹೋದೆ. ಲೋಕಲ್ಲಿನಲ್ಲಿ ಕೂತು ಕಟ್ಟಿದ ಸಮಜಾಯಿಷಿಗಳೆಲ್ಲ ಬಾಗಿಲಲ್ಲೇ ಮರೆತುಹೋದವು. ಪಾಟನ್ನು ಸುಮ್ಮನೆ ಅವಳ ಕೈಗಿಟ್ಟೆ. ತಿರುಗಿಸಿದವಳಿಗೆ ಹೆಸರು ಕಂಡಿತು. ಅಕ್ಷರಗಳ ಮೇಲೆ ಬೆರಳಾಡಿಸುತ್ತ ಎರಡು ಸಲ ಓದಿದಳು. "ಈ ಮನೆಯ ಪಾತ್ರೆಯಲ್ಲೆಲ್ಲ ಮಾವನ ಹೆಸರು, ಇಲ್ಲ ಇವರ ಹೆಸರು. ಒಂದು ಸೌಟಿನಲ್ಲೂ ನನ್ನದಿಲ್ಲ ಮಾರಾಯ," ಎಂದು ಸೆರಗಿನಿಂದ ಪಾಟಿನ ತಳ ಒರೆಸಿದಳು.

"ಮಾವ, ರೇರ್ ಇದೆಯಾ?" ಎಂದಳು ಸ್ವಾತಿ.

"ಜಗತ್ತಿನಲ್ಲಿ ಇದೊಂದೇ ಅಂತೆ," ಎಂದೆ. ಖಾಜಾಸಾಹೇಬರ ಮಾತಿನ ಉಳಿದರ್ಧ ನಾಮಕರಣಕ್ಕೆ ಸಂಬಂಧಪಟ್ಟದ್ದಲ್ಲವೆನಿಸಿತು. ಸ್ವಾತಿ ಅತ್ತೆಯ ಮುಖ ನೋಡಿದಳು. "ಮತ್ತೆ ಕರಗಿಸೋದು ಬೇಡ. ಥಾಲಿ ಹೊಸದೇ ತರೋಣ," ಎಂದು ತಾನೇ ಪಾಟನ್ನು ಶೋಕೇಸಿನಲ್ಲಿಟ್ಟಳು. ಅಕ್ಕ ಎದ್ದುಹೋಗಿ, ಹೆಸರು ಕಾಣುವ ಹಾಗೆ ಅದನ್ನು ಬೋರಲು ಹಾಕಿ ಬಂದಳು.

"ನನ್ನ ಮಮ್ಮಿ ಹತ್ರ ಆರು ಹಳೇ ಬೆಳ್ಳಿ ಚಮಚ ಇವೆ, ಮಾವ. ಅದೂ ನೀವೇ ಚೆಕ್ ಮಾಡಿ ನಾ," ಎಂದಳು ಸ್ವಾತಿ. ಒಪ್ಪಿಕೊಂಡಿದ್ದೇನೆ. ಒಂದೇ ಷರತ್ತು: ಚಮಚಗಳು ಅವರ ಮನೆಯಲ್ಲೇ, ಮೇಜಿನ ಮೇಲೆ ಇರತಕ್ಕದ್ದು. ನಾನು ಹೋಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ ಬರುತ್ತೇನೆ.